ಎಲೆ ಎತ್ತಿದ ಮೇಲೆ ಬರುವ ನಾಯಿ



ಕಬಿನಿ ತುಂಬಿತು, ಕನ್ನಂಬಾಡಿಯಿಂದ ನೀರು ಬಿಟ್ಟರು ಅನ್ನುವ ಸುದ್ದಿ ಹರಡಿದರೆ ಸಾಕು, ಮಳವಳ್ಳಿಯಿಂದ ಬ್ಲಫ್‌ವರೆಗಿನ ರಸ್ತೆ ತುಂಬ ಕಾರು, ಟೆಂಪೊ, ಬೈಕು. ಬಂದವರು ಗಗನಚುಕ್ಕಿ ಜಲಪಾತ ನೋಡುವುದು ಕಾಲು ಗಂಟೆ, ಉಳಿದದ್ದೆಲ್ಲ ಊಟ. ಮರದ ನೆರಳು ಸಿಕ್ಕಿದಲ್ಲಿ ಜಮಖಾನ ಹಾಸುತ್ತಾರೆ, ಬಿರಿಯಾನಿ ಪೊಟ್ಟಣ ಬಿಚ್ಚುತ್ತಾರೆ, ಸುಟ್ಟ ಮುಸುಕಿನ ಜೋಳ ಕೊಂಡು ತಿನ್ನುತ್ತಾರೆ. ಜಲಪಾತದ ಹತ್ತಿರದ ದರ್ಗಾಕ್ಕೆ ಹರಕೆ ಹೊತ್ತು ಬಂದವರದು ಒಂದು ಊಟ, ಕಾಲೇಜು ಹುಡುಗರದು ಇನ್ನೊಂದು, ಮದುವೆ ಮುಗಿಸಿ ಬೀಗರನ್ನು ಕರೆದುಕೊಂಡು ಬಂದವರದು ಮತ್ತೊಂದು. ಎಲ್ಲರೂ ಎದ್ದು ಹೋದ ಮೇಲೆ ನಾಯಿಗಳು ಬರುತ್ತವೆ.

1902ರಲ್ಲಿ ಇದೇ ಬ್ಲಫ್‌ನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಕಥೆಯನ್ನು ನಾನು ಹೇಳಹೊರಟಿಲ್ಲ. ಈ ಸೀಮೆಯಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನಿಗೆ ಬ್ಲಫ್ ಎಂದರೆ ನೆನಪಾಗುವುದು ಸೋಮವಾರದ ಬೆಳಗ್ಗೆ. ಭಾನುವಾರ ತಿಂದದ್ದು ಸೋಮವಾರ ಆಸ್ಪತ್ರೆಗೆ ಬರುತ್ತಿತ್ತು: ವಾಂತಿ ಮಾಡುವ ನಾಯಿ, ಹೊಟ್ಟೆ ಉಬ್ಬಿದ ನಾಯಿ, ಮೂಳೆ ಗಂಟಲಿಗೆ ಸಿಕ್ಕಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವ ನಾಯಿ. ಬೀದಿನಾಯಿಗಳನ್ನು ಯಾರು ತರುತ್ತಾರೆ, ಹೇಳಿ? ಬಂದವೆಲ್ಲ ಸಾಕಿದ ನಾಯಿಗಳೇ. ಜತೆಯಲ್ಲಿ ಬಂದ ಯಜಮಾನರ ಮಾತೂ ಒಂದೇ: "ಮನೇಲಿ ಹೊಟ್ಟೆ ತುಂಬ ಹಾಕ್ತೀವಿ ಕಣ್ ಸಾ. ಆದ್ರೂ ಬೀದಿಗೆ ಬಾಯಾಕ್ತದೆ, ಇದ್ಕೇನ್ ರೋಗ?"

ಬಹುಪಾಲು ನಾಯಿಗಳಿಗೆ ಇದು ರೋಗವಲ್ಲ, ಹುಟ್ಟುಗುಣ. ತೋಳದ ಬಳಗದಿಂದ ಬೇರೆಯಾಗಿ ನಾಯಿ ನಾಯಿಯಾದದ್ದೇ ಮನುಷ್ಯ ಬಿಟ್ಟದ್ದನ್ನು, ಎಸೆದದ್ದನ್ನು ತಿಂದು ಎಂದು ನಂಬುವ ವಿಜ್ಞಾನಿಗಳು ಹಲವರಿದ್ದಾರೆ. ತೋಳದ ಹೊಟ್ಟೆಗೆ ಹಿಟ್ಟು ಅಷ್ಟಾಗಿ ಒಗ್ಗದು. ನಾಯಿಗೆ ಒಗ್ಗುತ್ತದೆ, ಹಿಟ್ಟಿನ ಅಂಶವನ್ನು ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ನಮ್ಮ ಮಂಡ್ಯದ ನಾಯಿ ತಲೆತಲಾಂತರದಿಂದ ರಾಗಿಮುದ್ದೆ ತಿಂದು ಬದುಕಿದ್ದು ಸುಮ್ಮನೆ ಅಲ್ಲ. ಇನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ತರುವ ಲ್ಯಾಬ್ರಡಾರ್ ಇದೆಯಲ್ಲ, ಅದರದು ಇನ್ನೊಂದು ತರ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ಒಂದು ಜೀನು ಆ ತಳಿಯಲ್ಲಿ ಸುಮಾರು ನಾಲ್ಕಕ್ಕೊಂದು ನಾಯಿಗೆ ಊನವಾಗಿರುತ್ತದೆಂದು ಕೇಂಬ್ರಿಜ್‌ನವರು 2016ರಲ್ಲಿ ಕಂಡುಕೊಂಡರು. ಅಂಥ ನಾಯಿಗೆ ಎಷ್ಟು ಹಾಕಿದರೂ ಹಸಿವು ಹಸಿವೇ. ಅದನ್ನು ಹೊಟ್ಟೆಬಾಕ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಆದರೂ ಒಂದು ಮಾತು. ನಿಮ್ಮ ನಾಯಿ ಮೊದಲು ಹೀಗಿರಲಿಲ್ಲ, ಈಚೆಗೆ ಮಣ್ಣು, ಸುಣ್ಣದ ಗೋಡೆ, ಬಟ್ಟೆ, ಸಗಣಿ ಎಲ್ಲ ತಿನ್ನುತ್ತಿದೆ, ತಿಂದರೂ ಬಡಕಲಾಗುತ್ತಿದೆ ಎಂದರೆ ಅದನ್ನು ಗುಣ ಎಂದು ಬಿಡಬೇಡಿ. ಜಂತುಹುಳ, ಉಣ್ಣೆ ಕಚ್ಚಿ ಬರುವ ಜ್ವರದಿಂದಾದ ರಕ್ತಹೀನತೆ, ಮೇದೋಜೀರಕದ ತೊಂದರೆ, ಯಾವುದಾದರೂ ಇರಬಹುದು. ಡಾಕ್ಟರಿಗೆ ತೋರಿಸಿ. ಜಂತಿನ ಮಾತ್ರೆಯಿಂದಲೇ ಸರಿಹೋದ ನಾಯಿಗಳೂ ಉಂಟು.

ಬ್ಲಫ್‌ನ ನೆಲದ ಮೇಲೆ ಏನೇನು ಬಿದ್ದಿರುತ್ತದೆ ನೋಡೋಣ. ಬೆಂದ ಮೂಳೆ ಮೊದಲನೆಯದು. ಹಸಿ ಮೂಳೆಗೂ ಬೆಂದ ಮೂಳೆಗೂ ವ್ಯತ್ಯಾಸವಿದೆ. ಕುಕ್ಕರಿನಲ್ಲಿ ಕೂಗಿಸಿದ ಕೋಳಿ ಮೂಳೆ ಕಚ್ಚಿದರೆ ಚೂಪು ಚೂಪಾಗಿ ಸೀಳುತ್ತದೆ. ಆ ಸೀಳು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. "ನಮ್ಮ ತಾತನ ಕಾಲದಿಂದ ನಾಯಿ ಮೂಳೆ ತಿಂದುಕೊಂಡೇ ಬಂದಿದೆ" ಎನ್ನುವವರಿದ್ದಾರೆ. ನಿಜ, ತಿಂದುಕೊಂಡು ಬಂದಿದೆ. ತಾತನ ಕಾಲದಲ್ಲಿ ಸತ್ತ ನಾಯಿ ಯಾಕೆ ಸತ್ತಿತು ಎಂದು ಯಾರೂ ಹೊಟ್ಟೆ ಕೊಯ್ದು ನೋಡಲಿಲ್ಲ, ಅಷ್ಟೆ. ಮಸಾಲೆ ಮೆತ್ತಿದ ಪ್ಲಾಸ್ಟಿಕ್ ಕವರು, ಬೆಳ್ಳಿ ಬಣ್ಣದ ಹಾಳೆ, ಕಬಾಬಿನ ಕಡ್ಡಿ ಎರಡನೆಯದು. ನಾಯಿಗೆ ಕವರು ಬೇಕಿಲ್ಲ, ಕವರಿನ ವಾಸನೆ ಬೇಕು. ಆದರೆ ವಾಸನೆಯನ್ನು ಮಾತ್ರ ತಿನ್ನಲು ಬರುವುದಿಲ್ಲ.

ಮೂರನೆಯದನ್ನು ಯಾರೂ ಅಪಾಯ ಎಂದುಕೊಳ್ಳುವುದೇ ಇಲ್ಲ: ಜೋಳದ ದಿಂಡು. ಉಪ್ಪು, ಖಾರ, ನಿಂಬೆಹುಳಿ ಸವರಿದ ಜೋಳವನ್ನು ನಾವು ತಿಂದು ದಿಂಡು ಬಿಸಾಡುತ್ತೇವೆ. ನಾಯಿಗೆ ಅದು ಉಪ್ಪುಪ್ಪಾಗಿ ರುಚಿ. ಎರಡು ಕಡಿತಕ್ಕೆ ನುಂಗುತ್ತದೆ. ದಿಂಡು ಹೊಟ್ಟೆಯಲ್ಲಿ ಕರಗುವುದಿಲ್ಲ, ಎಕ್ಸ್‌ರೇಯಲ್ಲೂ ಸ್ಪಷ್ಟವಾಗಿ ಕಾಣುವುದಿಲ್ಲ. ಕೆಲವು ಸಲ ಜಠರದಲ್ಲಿ ದಿನಗಟ್ಟಲೆ ಸುಮ್ಮನಿದ್ದು, ಆಮೇಲೆ ಸಣ್ಣ ಕರುಳಿಗೆ ಇಳಿದು ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ. ಆಗ ನಾಯಿ ನೀರು ಕುಡಿದರೂ ಕಕ್ಕುತ್ತದೆ. ಆಪರೇಷನ್ ಮಾಡದೆ ದಾರಿಯಿಲ್ಲ. ಆಪರೇಷನ್ ಮಾಡುವ ಸೌಕರ್ಯ ಎಲ್ಲ ಊರಲ್ಲೂ ಇಲ್ಲ, ಮಂಡ್ಯಕ್ಕೋ ಮೈಸೂರಿಗೋ ಬೆಂಗಳೂರಿಗೋ ಓಡಬೇಕು. ಮಾವಿನ ಓಟೆಯದೂ ಇದೇ ಕಥೆ. ಚಾಕೊಲೇಟು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮು, ಒಣದ್ರಾಕ್ಷಿ, ಈರುಳ್ಳಿ ಬೆಳ್ಳುಳ್ಳಿ ದಂಡಿಯಾಗಿ ಬಿದ್ದ ಗೊಜ್ಜು, ಇವೂ ನಾಯಿಗೆ ಆಗಬಾರದವು ಎಂದು ಹೇಳಿ ಮುಂದೆ ಹೋಗುತ್ತೇನೆ.

ಯಾಕೆಂದರೆ ನಮ್ಮ ಕಡೆ ನಾಯಿಗಳನ್ನು ಹೆಚ್ಚಾಗಿ ಕೊಲ್ಲುವುದು ಪ್ರವಾಸಿಗರ ಎಂಜಲಲ್ಲ, ನಮ್ಮದೇ ಗದ್ದೆ, ತೋಟ, ಅಟ್ಟ.

ಒಂದು ಸಂಜೆ ಹೆಣ್ಣುಮಗಳೊಬ್ಬರು ಆಟೋದಲ್ಲಿ ನಾಯಿ ಹಾಕಿಕೊಂಡು ಬಂದರು. ರಕ್ತ ಬೆರೆತ ಭೇದಿ, ನಿಲ್ಲದ ವಾಂತಿ.

"ಏನು ತಿಂತಕ್ಕ?" ಎಂದೆ.

"ಏನೂ ಇಲ್ಲ ಕಣ್ ಸಾ, ತೆಂಗಿನ ಬುಡದಲ್ಲಿ ಹಾಕಿದ್ ಹಿಂಡಿ ನೆಕ್ತು. ಹಿಂಡಿ ತಾನೇ ಸಾ, ಹಸ ತಿನ್ನಾಕಿಲ್ವಾ?"

"ಯಾವ ಹಿಂಡಿ?"

"ಅದೇ ಗೊಬ್ಬರಕ್ಕೆ ತಂದಿದ್ದು. ಹರಳಿಂಡಿ."

ಹಸು ತಿನ್ನುವುದು ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ. ಹರಳು ಹಿಂಡಿ ಗೊಬ್ಬರಕ್ಕೆ ಮಾತ್ರ. ಹರಳು ಬೀಜದಲ್ಲಿ ರಿಸಿನ್ ಎಂಬ ವಿಷವಿದೆ; ಎಣ್ಣೆ ತೆಗೆದಾಗ ಅದು ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬಿಸಿಮಾಡಿ ಸಂಸ್ಕರಿಸಿದರೆ ವಿಷ ಇಳಿಯುತ್ತದೆ, ಆದರೆ ಮೂಟೆ ನೋಡಿ ಅದನ್ನು ಹೇಳಲಾಗದು. ಈ ಹಿಂಡಿಯ ವಾಸನೆಗೆ ನಾಯಿಗಳು ಮುಗಿಬೀಳುತ್ತವೆ. ಅದಕ್ಕೆ ಮೂಳೆಪುಡಿ ಬೆರೆಸಿದ್ದರಂತೂ ಬುಡ ಕೆದಕಿ ತಿನ್ನುತ್ತವೆ. ತಿಂದ ಕೂಡಲೇ ಏನೂ ಆಗುವುದಿಲ್ಲ, ಕೆಲವು ಗಂಟೆ, ಕೆಲವು ಸಲ ಒಂದು ದಿನ ಕಳೆದ ಮೇಲೆ ಶುರುವಾಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಸಲೈನ್ ಹಾಕಿ, ಕರುಳಿಗೆ ಔಷಧ ಕೊಟ್ಟು, ನಾಯಿಯ ಶಕ್ತಿಯ ಮೇಲೆ ಭಾರ ಹಾಕಿ ಕಾಯಬೇಕು. ಆ ಅಕ್ಕನ ನಾಯಿ ಉಳಿಯಿತು. ಎಲ್ಲವೂ ಉಳಿಯುವುದಿಲ್ಲ. ಗಿಡಕ್ಕೆ ಹರಳು ಹಿಂಡಿ ಹಾಕುವವರು ಮೇಲೆ ಸುರಿದು ಹೋಗದೆ ಗುಣಿ ತೆಗೆದು ಹಾಕಿ, ಮಣ್ಣು ಮುಚ್ಚಿ, ನೀರು ಕಟ್ಟಿ. ನಾಯಿಯನ್ನು ಒಂದೆರಡು ವಾರ ಆ ಕಡೆ ಬಿಡಬೇಡಿ. ಗೊಬ್ಬರದ ಹಿಂಡಿ ಮೂಟೆಯನ್ನು ದನದ ಹಿಂಡಿ ಮೂಟೆಯ ಪಕ್ಕದಲ್ಲಿ ಇಡಲೇಬೇಡಿ. ಕತ್ತಲಲ್ಲಿ ಕೈ ತಪ್ಪಿ ಹಸುವಿನ ಬಾನಿಗೇ ಬಿದ್ದೀತು.

ಇನ್ನು ಇಲಿ ಪಾಷಾಣ. ಕಬ್ಬು, ಭತ್ತ, ತೆಂಗು ಇರುವ ಸೀಮೆ, ಹೆಗ್ಗಣ ಇಲ್ಲದೆ ಇರುತ್ತದೆಯೇ? ನಮ್ಮ ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಈ ವ್ಯತ್ಯಾಸ ತಿಳಿದಿದ್ದರೆ ಒಂದು ಜೀವ ಉಳಿಸಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕಪ್ಪು ಬೂದಿ ಬಣ್ಣದ ಪುಡಿ, ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಅದರಿಂದ ವಿಷಾನಿಲ ಏಳುತ್ತದೆ. ನಾಯಿ ಕೆಲವೇ ಗಂಟೆಯೊಳಗೆ ಒದ್ದಾಡತೊಡಗುತ್ತದೆ. ನಾವು ಮಾಡುವ ದೊಡ್ಡ ಅನಾಹುತ ಇಲ್ಲೇ: ವಿಷ ಇಳಿಯಲಿ ಎಂದು ಹಾಲು, ಅನ್ನ, ಮೊಸರು ತಿನ್ನಿಸುತ್ತೇವೆ. ಊಟ ಬಿದ್ದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ, ಆಮ್ಲ ಹೆಚ್ಚಿದರೆ ಅನಿಲ ಹೆಚ್ಚುತ್ತದೆ. ಏನೂ ತಿನ್ನಿಸದೆ ಕರೆದುಕೊಂಡು ಬನ್ನಿ. ದಾರಿಯಲ್ಲಿ ನಾಯಿ ವಾಂತಿ ಮಾಡಿ ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬಂದರೆ ಕಾರಿನ ಕಿಟಕಿಯೆಲ್ಲ ತೆರೆಯಿರಿ, ಆ ಗಾಳಿ ನಿಮಗೂ ಕೆಟ್ಟದ್ದು. ಮಕ್ಕಳನ್ನು ಜತೆಗೆ ಕೂರಿಸಿಕೊಳ್ಳಬೇಡಿ.

ಎರಡನೆಯದು ಬಣ್ಣದ ಬಿಲ್ಲೆ, ಬ್ರೊಮಾಡಿಯೊಲೋನ್. ಇದು ಮೋಸಗಾರ. ತಿಂದ ದಿನ ನಾಯಿ ಓಡಾಡಿಕೊಂಡಿರುತ್ತದೆ, ಮಾರನೆಯ ದಿನವೂ ಇರುತ್ತದೆ. "ಏನೂ ಆಗಲಿಲ್ಲ ಬುಡಿ" ಎಂದು ಮನೆಯವರು ನಿರಾಳವಾಗುತ್ತಾರೆ. ಒಳಗೆ ರಕ್ತ ಹೆಪ್ಪುಗಟ್ಟುವ ಶಕ್ತಿ ದಿನದಿನಕ್ಕೂ ಇಳಿಯುತ್ತಿರುತ್ತದೆ. ಮೂರು ನಾಲ್ಕು ದಿನಕ್ಕೆ ಒಸಡು ಬಿಳಿಚುತ್ತದೆ, ಮೂಗಿನಲ್ಲಿ ರಕ್ತ, ಏದುಸಿರು, ಮೂಲೆ ಹಿಡಿದು ಮಲಗುವುದು. ಇದಕ್ಕೆ ಒಳ್ಳೆಯ ಔಷಧವಿದೆ, ವಿಟಮಿನ್ ಕೆ. ಆದರೆ ವಾರಗಟ್ಟಲೆ ಕೊಡಬೇಕು. ನಾಯಿ ಲವಲವಿಕೆಯಿಂದ ಎದ್ದಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ಬೀಳುತ್ತದೆ. ಬಿಲ್ಲೆ ತಿಂದದ್ದನ್ನು ಕಣ್ಣಾರೆ ಕಂಡಿದ್ದರೆ ಲಕ್ಷಣಕ್ಕೆ ಕಾಯಬೇಡಿ, ಅವತ್ತೇ ಹೊರಡಿ. ಪೊಟ್ಟಣದ ಚೂರು ಸಿಕ್ಕಿದರೆ ಜೇಬಿಗೆ ಹಾಕಿಕೊಳ್ಳಿ. ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಆ ಚೂರು ಹೆಚ್ಚು ಹೇಳುತ್ತದೆ.

ಬೇರುಹುಳು, ಗೊಣ್ಣೆಹುಳುವಿಗೆಂದು ಗದ್ದೆಗೆ ಎರಚುತ್ತಿದ್ದ ಕಾಳು ಕಾಳಾದ ಔಷಧಗಳದು ಮತ್ತೊಂದು ಗುಂಪು. ಅದರಲ್ಲಿ ಫೋರೇಟ್ ಅನ್ನು 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ನಿಷೇಧಿಸಿದ್ದು ಸರ್ಕಾರ, ಅಟ್ಟದ ಮೇಲೆ ಅರ್ಧ ಉಳಿದ ಡಬ್ಬಕ್ಕೆ ಅದು ಗೊತ್ತಿಲ್ಲ. ಇಂಥ ವಿಷ ಹೊಕ್ಕ ನಾಯಿ ಜೊಲ್ಲು ಸುರಿಸುತ್ತದೆ, ಮೈ ಅದುರುತ್ತದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ನಿಮಿಷವೂ ತಡ ಮಾಡುವ ಹಾಗಿಲ್ಲ. ಔಷಧ ಕಲಸಿದ ಬಕೆಟ್ಟಿನಲ್ಲಿ ಮಳೆನೀರು ನಿಂತು, ಆ ನೀರು ಕುಡಿದು ಸತ್ತ ನಾಯಿಗಳೂ ಇವೆ.

ಕಾಡಂಚಿನ ಊರುಗಳಿಗೆ ಬರೋಣ. ಕಾವೇರಿ ವನ್ಯಧಾಮದ ಮಗ್ಗುಲಲ್ಲಿರುವ ಹಲಗೂರು ಕಡೆಯವರಿಗೆ ಹಂದಿ ಕಾಟ ಏನೆಂದು ಹೇಳಬೇಕಾಗಿಲ್ಲ. ಹಂದಿ ನಮಗೆ ಹೊಸ ಶತ್ರುವೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೀವು ನೋಡಿರಬಹುದು. ಕ್ರಿಸ್ತಶಕ 949-50ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ, ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನ ಶೌರ್ಯ ಮೆಚ್ಚಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಏನು ಬೇಕೋ ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದ. ಆ ಕಾಳಿ ಮುಂದೆ ಕೆಳಲೆ ನಾಡಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಅರ್ಚಕನಾದ ಗೊರವ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದರು.

ಈಗ ಹಂದಿಗೆ ನಾಯಿ ಬಿಡುವವರು ಕಡಿಮೆ, ಸಿಡಿಮದ್ದಿನ ಉಂಡೆ ಇಡುವವರು ಇದ್ದಾರೆ. ಉಂಡೆಗೆ ಕೊಬ್ಬೋ ಹಿಟ್ಟೋ ಸವರಿ ಹಂದಿ ದಾರಿಯಲ್ಲಿ ಇಡುತ್ತಾರೆ. ಹಂದಿಗಿಂತ ಮೊದಲು ಅದನ್ನು ಕಚ್ಚುವುದು ಊರ ನಾಯಿ. ದವಡೆ ಹಾರಿಹೋದ ನಾಯಿಯ ಮುಂದೆ ವೈದ್ಯ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಹಸುಗಳ ಬಾಯಿಯೂ ಹೀಗೆ ಸಿಡಿದದ್ದುಂಟು. ಇದು ಅಪರಾಧ, ಜೈಲಿಗೆ ಹೋಗುವಂಥದ್ದು. ಇಟ್ಟವರು ಯಾರೆಂದು ಊರಿಗೆ ಗೊತ್ತಿರುತ್ತದೆ, ಊರು ಬಾಯಿ ಬಿಡುವುದಿಲ್ಲ.

ವಿಷದ ಮಾಂಸದ ಕಥೆಯೂ ಇದರದೇ ಬಳಗ. 2025ರ ಜೂನ್‌ನಲ್ಲಿ ಹೊಳೆಯಾಚೆ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದನ್ನು ನೀವೆಲ್ಲ ಕೇಳಿದ್ದೀರಿ. ವಿಷ ಹಾಕಿದ್ದು ಹುಲಿ ಕೊಂದಿದ್ದ ಹಸುವಿನ ಹೆಣಕ್ಕೆ. ಐದು ಹುಲಿ ಸತ್ತದ್ದರಿಂದ ರಾಜ್ಯವೆಲ್ಲ ಸುದ್ದಿಯಾಯಿತು. ಅಂಥ ಹೆಣ ತಿಂದು ಸತ್ತ ನಾಯಿ, ನರಿ, ಕಾಗೆಯ ಲೆಕ್ಕವನ್ನು ಯಾರು ಇಡುತ್ತಾರೆ? ಮೊದಲಾದರೆ ದನ ಸತ್ತರೆ ಹದ್ದು, ರಣಹದ್ದು ಬಂದು ಮುಗಿಸುತ್ತಿದ್ದವು. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಹೆಣದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ದೇಶದ ತುಂಬ ಅವು ಸತ್ತವು. 2006ರಲ್ಲಿ ದನಗಳಿಗೆ ಆ ಔಷಧ ನಿಲ್ಲಿಸಿದರು. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದಿನ ಧಾಮ ಮಾಡಿದ್ದಾರೆ, ಉಳಿದಿರುವುದು ಬೆರಳೆಣಿಕೆ. ರಣಹದ್ದು ಬಿಟ್ಟ ಕೆಲಸ ಈಗ ನಾಯಿಯ ಪಾಲಿಗೆ ಬಂದಿದೆ. ದನ ಸತ್ತರೆ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ ಎಂದು ನಾವು ಬಡಕೊಳ್ಳುವುದು ಇದಕ್ಕೇ.

ಇಷ್ಟೆಲ್ಲ ಕೇಳಿ "ಹಾಗಾದ್ರೆ ನಾಯೀನ ಕಟ್ಟಾಕೇ ಇರದಾ?" ಎಂದು ನೀವು ಕೇಳಬಹುದು. ಕಟ್ಟಿಹಾಕುವುದೊಂದೇ ದಾರಿಯಲ್ಲ. ಅದಕ್ಕಿಂತ ಮೊದಲು ನಾವು ಬಿಡಬೇಕಾದ ಒಂದು ಅಭ್ಯಾಸವಿದೆ. ನಾಯಿ ಏನನ್ನೋ ಕಚ್ಚಿಕೊಂಡದ್ದು ಕಂಡ ಕೂಡಲೇ ನಾವು ಕಿರುಚುತ್ತೇವೆ, ಅಟ್ಟಿಸಿಕೊಂಡು ಹೋಗುತ್ತೇವೆ, ಹಿಡಿದು ಬಾಯಿಗೆ ಬೆರಳು ಹಾಕಿ ಕೀಳುತ್ತೇವೆ, ಮೇಲೆ ಎರಡು ಏಟು. ನಾಯಿ ಇದರಿಂದ ಏನು ಕಲಿಯುತ್ತದೆ? ತಿನ್ನಬಾರದು ಎಂದು ಕಲಿಯುವುದಿಲ್ಲ. ಯಜಮಾನ ಬರುವುದರೊಳಗೆ ನುಂಗಿಬಿಡಬೇಕು ಎಂದು ಕಲಿಯುತ್ತದೆ. ಮೂಸಿ ಬಿಟ್ಟುಬಿಡುತ್ತಿದ್ದ ನಾಯಿಯೂ ಹೀಗೆ ನುಂಗುವ ನಾಯಿಯಾಗುತ್ತದೆ. ಇನ್ನು ಕೆಲವು ತಿರುಗಿ ಕಚ್ಚುತ್ತವೆ, ಆಗ ತಪ್ಪೆಲ್ಲ ನಾಯಿಯದು.

ಕಿತ್ತುಕೊಳ್ಳುವ ಬದಲು ಬದಲಿ ಕೊಡಿ. ಇದನ್ನು ಕಲಿಸುವುದು ಬೀದಿಯಲ್ಲಲ್ಲ, ಮನೆಯಲ್ಲಿ, ನಾಯಿಯ ಬಾಯಲ್ಲಿ ಏನೂ ಇಲ್ಲದಾಗ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಚೂರು, ಇಲ್ಲವೇ ಬೆಂದ ಮೊಟ್ಟೆಯ ಚೂರು ಕೈಯಲ್ಲಿಟ್ಟುಕೊಳ್ಳಿ. ನಾಯಿ ಸುಮ್ಮನೆ ನಿಂತಿದ್ದಾಗ "ಬುಡು" ಎನ್ನಿ, ಎಂದ ಕೂಡಲೇ ನಾಲ್ಕಾರು ಚೂರು ನೆಲದ ಮೇಲೆ ಚೆಲ್ಲಿ. ಅದು ಆಯ್ದು ತಿನ್ನಲಿ, ಬೇಕಾದರೆ ನೀವೇ ಬೆರಳು ತೋರಿಸಿ. ದಿನಕ್ಕೆ ಕೆಲವು ಸಲ, ಒಂದು ವಾರ ಇಷ್ಟೇ ಮಾಡಿ. ಆ ಮಾತು ಕಿವಿಗೆ ಬಿದ್ದರೆ ತಲೆ ನೆಲಕ್ಕೆ ತಿರುಗಿ ಚೂರು ಹುಡುಕುವುದು ನಾಯಿಗೆ ರೂಢಿಯಾಗುತ್ತದೆ. ಆಮೇಲೆ ಅದಕ್ಕೆ ಅಷ್ಟೇನೂ ಇಷ್ಟವಿಲ್ಲದ ವಸ್ತು ಬಾಯಲ್ಲಿದ್ದಾಗ ಹೇಳಿ, ತೆಂಗಿನ ಮಟ್ಟೆಯೋ ಹಳೆಯ ಚಪ್ಪಲಿಯೋ. ಚೂರು ತಿನ್ನಲು ಬಾಯಿ ತೆರೆಯಲೇಬೇಕು, ಚಪ್ಪಲಿ ಬೀಳುತ್ತದೆ. ಬಿದ್ದ ಕೂಡಲೇ ಕಸಿಯಬೇಡಿ. ಅಪಾಯದ್ದಲ್ಲದಿದ್ದರೆ ಚೂರು ತಿಂದ ಮೇಲೆ ಅದನ್ನೇ ಹಿಂದಕ್ಕೆ ಕೊಡಿ. ಈ ಯಜಮಾನನ ಹತ್ತಿರ ಬಿಟ್ಟರೆ ನಷ್ಟವಿಲ್ಲ ಎಂಬ ನಂಬಿಕೆ ಬರಬೇಕು. ಬಂದ ಮೇಲೆ ಅಂಗಳ, ಆಮೇಲೆ ಬೀದಿ. ಮನೆಯಲ್ಲಿ ಒಬ್ಬರು "ಬುಡು", ಇನ್ನೊಬ್ಬರು "ಥೂ", ಮಗ ಇಂಗ್ಲಿಷಿನಲ್ಲಿ ಇನ್ನೇನೋ ಎಂದರೆ ಆಗದು. ಎಲ್ಲರೂ ಒಂದೇ ಮಾತು ಹಿಡಿಯಿರಿ.

ಇದಕ್ಕೆ ತಿಂಗಳುಗಳೇ ಬೇಕಾದೀತು, ಅಷ್ಟರವರೆಗೆ? ಹೊರಗೆ ಹೋಗುವಾಗ ಬೆಲ್ಟು ಹಾಕಿ, ಹಗ್ಗ ಕೈಯಲ್ಲಿರಲಿ. ನುಂಗುವ ಚಾಳಿ ವಿಪರೀತ ಇರುವ ನಾಯಿಗೆ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ. ಎತ್ತಿಗೆ ಕಣದಲ್ಲಿ ಕುಕ್ಕೆ ಕಟ್ಟಿದ ನಾಡು ನಮ್ಮದು, ನಾಯಿಗೆ ಹಾಕಿದರೆ ಮಾತ್ರ ಅಯ್ಯೋ ಪಾಪ ಎನ್ನುತ್ತಾರೆ. ಕುಕ್ಕೆಯೊಳಗೆ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುವಂತಿರಬೇಕು, ನೀರು ಕುಡಿಯುವಂತಿರಬೇಕು. ಬಾಯಿ ಅಮುಕಿ ಹಿಡಿಯುವ ಬಟ್ಟೆಯ ಪಟ್ಟಿ ಬೇಡ. ನಮ್ಮ ಬಿಸಿಲಿಗೆ ನಾಯಿ ಬಾಯಿ ತೆರೆಯಲಾಗದೆ ಕುಸಿದು ಬೀಳುತ್ತದೆ.

ತಿಂದೇಬಿಟ್ಟಿತು ಅನ್ನಿ. ಉಪ್ಪುನೀರು ಕುಡಿಸಬೇಡಿ. ಬಹಳ ಜನ ಇದನ್ನು ಮಾಡುತ್ತಾರೆ. ವಿಷದಿಂದ ಉಳಿಯಬಹುದಾದ ನಾಯಿ ಉಪ್ಪಿನಿಂದ ಸಾಯುತ್ತದೆ. ಸೋಪಿನ ನೀರು, ಹುಣಸೆ ನೀರು, ಎಣ್ಣೆ, ಇದ್ದಿಲು ಅರೆದು ಗೊಟ್ಟದಲ್ಲಿ ಹೊಯ್ಯುವುದು, ಯಾವುದೂ ಬೇಡ. ತೂಗಾಡುತ್ತಿರುವ, ಅರೆಪ್ರಜ್ಞೆಯ ನಾಯಿಗೆ ಹೊಯ್ದದ್ದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡಿಸಬೇಕೋ ಬೇಡವೋ ಎಂಬುದು ತಿಂದ ವಸ್ತುವಿನ ಮೇಲೆ ಹೋಗುತ್ತದೆ. ಮೂಳೆ ಚೂರು, ಗಾಜು, ಆಸಿಡ್ಡು, ಸೀಮೆಎಣ್ಣೆಯಂಥದ್ದಾದರೆ ಮಾಡಿಸಲೇಬಾರದು. ಅದನ್ನು ಡಾಕ್ಟರು ತೀರ್ಮಾನಿಸಲಿ. ಏನು ತಿಂತು, ಎಷ್ಟು, ಯಾವಾಗ, ನಾಯಿಯ ತೂಕ ಅಂದಾಜು ಎಷ್ಟು, ಈ ನಾಲ್ಕು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಫೋನ್ ಮಾಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕೊನೆಗೆ ಬಾಡೂಟ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಇರಬೇಕೋ ಬೇಡವೋ ಎಂದು ರಾಜ್ಯವೇ ಚರ್ಚೆ ಮಾಡಿತು. ನನ್ನ ತಕರಾರು ಊಟದ ಮೇಲಲ್ಲ, ಊಟಕ್ಕೆ ಮುಂಚೆ ಕುರಿ ಕೊಯ್ದ ಜಾಗದ ಮೇಲೆ. ಮಾರಿಹಬ್ಬವೋ ಬೀಗರೂಟವೋ ಹರಕೆಯೋ, ಕೊಯ್ದವರು ಈಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡರೆ ಆ ತುಂಡನ್ನು ಕತ್ತರಿಸಿ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗೆ ಇರುವುದು ಒಂದು ಬಗೆಯ ಲಾಡಿಹುಳದ ಮರಿ. ನಾಯಿಯ ಕರುಳಲ್ಲಿ ಅದು ಬೆಳೆದು ಮೊಟ್ಟೆ ಇಡುತ್ತದೆ, ಮೊಟ್ಟೆ ಮಲದಲ್ಲಿ ಹೊರಗೆ ಬಂದು ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಮೈಗೂದಲಿಗೆ ಅಂಟುತ್ತದೆ. ನಾಯಿಯನ್ನು ಮುದ್ದಾಡಿದ ಮಗು ಕೈ ತೊಳೆಯದೆ ಬಾಯಿಗಿಟ್ಟರೆ ಮುಂದೆ ವರ್ಷಗಳ ಮೇಲೆ ಮಗುವಿನ ಈಲಿಯಲ್ಲಿ ಅದೇ ನೀರುಗುಳ್ಳೆ. ನಾಯಿಗೆ ಇದರಿಂದ ತೊಂದರೆಯೇ ಕಾಣುವುದಿಲ್ಲ. ಹಾಗಾಗಿ ಗುಳ್ಳೆಯಿದ್ದ ಅಂಗವನ್ನು ಸುಡಿ, ಇಲ್ಲವೇ ನಾಯಿ ಕೆದರಲಾಗದಷ್ಟು ಆಳಕ್ಕೆ ಹೂಳಿ. ಸಾಕಿದ ನಾಯಿಗೆ ಲಾಡಿಹುಳಕ್ಕೆಂದೇ ಇರುವ ಮಾತ್ರೆಯನ್ನು ಡಾಕ್ಟರು ಹೇಳಿದ ಅವಧಿಗೆ ತಪ್ಪದೆ ಹಾಕಿಸಿ.

ಬ್ಲಫ್‌ನ ಬೀದಿನಾಯಿಗಳಿಗೆ "ಬುಡು" ಎಂದು ಕಲಿಸುವವರು ಯಾರೂ ಇಲ್ಲ, ಬಾಯಿಕುಕ್ಕೆ ಹಾಕುವವರೂ ಇಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಬೀದಿನಾಯಿಗೆ ಊಟ ಹಾಕಲು ಜಾಗ ಗೊತ್ತುಮಾಡಬೇಕೆಂಬ ಮಾತಿದೆ, ಸಂತಾನಹರಣ, ಲಸಿಕೆಯ ಏರ್ಪಾಡೂ ಇದೆ. ಪಂಚಾಯಿತಿಯವರು ಮನಸ್ಸು ಮಾಡಬೇಕು. ಅದಾಗುವವರೆಗೆ, ಮುಂದಿನ ಭಾನುವಾರ ಜಲಪಾತಕ್ಕೆ ಹೊರಟವರು ಊಟದ ಬುತ್ತಿಯ ಜತೆ ಒಂದು ಖಾಲಿ ಗೋಣಿಚೀಲ ಇಟ್ಟುಕೊಳ್ಳಿ, ಮೂಳೆ, ಕವರು ಅದರಲ್ಲಿ ತುಂಬಿ ಊರಿಗೆ ಒಯ್ಯಿರಿ. ಜೋಳ ಮಾರುವ ಅಣ್ಣಂದಿರು, ಅಕ್ಕಂದಿರು ಕೇಳುತ್ತಿದ್ದರೆ ಅವರಿಗೂ ಒಂದು ಮಾತು: ತಳ್ಳುಗಾಡಿಯ ಕಂಬಕ್ಕೆ ಒಂದು ಮೂಟೆ ಕಟ್ಟಿ, ತಿಂದ ದಿಂಡನ್ನು ಗಿರಾಕಿಯ ಕೈಯಿಂದಲೇ ಅದಕ್ಕೆ ಹಾಕಿಸಿ. ಸಣ್ಣಗೆ ಕೊಚ್ಚಿದರೆ ಹಸು ತಿನ್ನುತ್ತದೆ, ಹಾಲು ಕರೆಯುವ ಮನೆಯವರು ಸಂಜೆ ಬಂದು ತಾವೇ ಹೊತ್ತುಕೊಂಡು ಹೋಗುತ್ತಾರೆ.